ಐದು ನಿರೂಪಕರ ಇಂಗ್ಲಿಷ್ ಫ್ಯಾಂಟಸಿಯನ್ನ ಕನ್ನಡ ಮಾಧ್ಯಮದ ಒಂಬತ್ತನೇ ಕ್ಲಾಸಿಗೆ ಓದಿಸೋದು ಹೇಗೆ?

ಅಘನಾಶಿನಿ ದಡ (ಕುಮಟಾ)

ಹದಿಹರೆಯದವರಿಗಾಗಿ ಬರೆದ ಒಂದು ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಯನ್ನ ಈ ವರ್ಷದ ಓದುಗುಂಪಿಗೆ ಆರಿಸಿದ್ದೇವೆ. ಹೆಸರು ಬೇಡ, ಈ ಜಾತಿಯ ಯಾವ ಪುಸ್ತಕಕ್ಕಾದ್ರೂ ಪ್ರಶ್ನೆ ಇದೇ. 430 ಪುಟ, ಶುರುವಿಗೆ ನಕಾಶೆ, ಅದರ ಬೆನ್ನಿಗೇ 300 ವರ್ಷ ಹಿಂದಿನ ಕಥೆ ಹೇಳೋ ಪೀಠಿಕೆ. ಐದು ಜನ ಸರದಿ ಪ್ರಕಾರ ಕಥೆ ಹೇಳ್ತಾರೆ: ಕಪ್ಪು ಮೈಬಣ್ಣದ ಹಡಗಿನ ಹುಡುಗಿ, ಕಿವಿ ಕೇಳದ ಕಮ್ಮಾರನ ಮಗ, ಯುದ್ಧದಿಂದ ಓಡಿಬಂದ ಅಕ್ಕ-ತಂಗಿ, ಅರಮನೆ ಬಿಟ್ಟು ಬಂದ ರಾಜಕುಮಾರ. ಅಕ್ಕ-ತಂಗಿ ಬಿಟ್ರೆ ಒಬ್ಬೊಬ್ಬರದೂ ಬೇರೆ ನಾಡು, ಬೇರೆ ಮಾತು, ಬೇರೆ ದೇವರು.

ಗುಂಪಿನಲ್ಲಿ 15 ಮಕ್ಕಳು, ಎಲ್ಲ ಒಂಬತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಮನೆ ಮಾತು ಕನ್ನಡ, ಕೊಂಕಣಿ, ನವಾಯತಿ (ಭಟ್ಕಳ ಕಡೆಯ ನವಾಯತ ಮುಸ್ಲಿಮರ ಮಾತು), ಹಾಲಕ್ಕಿ ಕನ್ನಡ ಹೀಗೆ ಕಲಸಿದೆ. ಪುಸ್ತಕದ ಪ್ರತಿ ಐದೇ. ಶನಿವಾರ ಶಾಲೆ ಬಿಟ್ಟ ಮೇಲೆ 45 ನಿಮಿಷ ಸಿಗ್ತದೆ.

ತೊಂದರೆ ಏನಂದ್ರೆ ನಾಲ್ಕನೇ ಅಧ್ಯಾಯಕ್ಕೆ ಬರೋದ್ರೊಳಗೆ ಮಕ್ಕಳಿಗೆ ಯಾರು ಯಾರು ಅನ್ನೋದೇ ತಪ್ಪಿ ಹೋಗ್ತದೆ. ಮಾತುಕತೆಗೆ ಕೂತ್ರೆ ಎರಡೇ ನಿಮಿಷಕ್ಕೆ "ಎಲ್ಲರೂ ಒಂದೇ, ಭೇದ ಮಾಡಬಾರದು" ಅಂತ ಪರೀಕ್ಷೆಯ ಉತ್ತರ ಬಂದುಬಿಡ್ತದೆ, ಅಲ್ಲಿಗೆ ಮುಗೀತು. ಈ ಪಾತ್ರಗಳ ಬೇರೆತನವನ್ನೇ ಮಕ್ಕಳು ಸವಿಯೋ ಹಾಗೆ ಓದಿಸಲಿಕ್ಕೆ ಏನು ಮಾಡಬೇಕು? ವೇಗ ಎಷ್ಟಿರಬೇಕು?

ಬನವಾಸಿ ರಸ್ತೆ (ಶಿರಸಿ)

ಅಕ್ಕೋರೇ, ಮೊದಲು ಲೆಕ್ಕ ಹಾಕಿ. ಇಂಥ ಪುಸ್ತಕದ ಪುಟಕ್ಕೆ ಸುಮಾರು 270 ಶಬ್ದ, 430 ಪುಟಕ್ಕೆ 1,16,000. ಹದವಾಗಿ ಗಟ್ಟಿ ಓದಿದ್ರೆ ನಿಮಿಷಕ್ಕೆ 140 ಶಬ್ದ, ಅಂದ್ರೆ ಪೂರ್ತಿ ಪುಸ್ತಕಕ್ಕೆ 14 ತಾಸಿನ ಹತ್ರ. ಒಂದಕ್ಷರ ಚರ್ಚೆ ಇಲ್ಲದೆ ಬರೀ ಓದ್ತಾ ಹೋದ್ರೂ ನಿಮ್ಮ ಶನಿವಾರಗಳು 18-19 ಬೇಕು. ಹಾಗಾಗಿ ಎಲ್ಲವನ್ನೂ ನೀವೇ ಓದಿ ಹೇಳೋ ಆಸೆ ಬಿಡಿ. 12 ವಾರ ಇಟ್ಟುಕೊಳ್ಳಿ, ವಾರಕ್ಕೆ 36 ಪುಟ. ಅದರಲ್ಲಿ 8-10 ಪುಟ ಶನಿವಾರ ಗಟ್ಟಿಯಾಗಿ, ಉಳಿದದ್ದು ಮನೆಯಲ್ಲಿ.

ಮನೆ ಓದಿನ ಲೆಕ್ಕ ಇದಕ್ಕಿಂತ ಮುಖ್ಯ. ಕನ್ನಡ ಮಾಧ್ಯಮದ ಒಂಬತ್ತನೇ ಕ್ಲಾಸಿನ ಹುಡುಗ ಇಂಗ್ಲಿಷ್ ಕಥೆಯನ್ನ ಅರ್ಥ ಮಾಡ್ಕೊಂಡು ಓದ್ಲಿಕ್ಕೆ ನಿಮಿಷಕ್ಕೆ 80-90 ಶಬ್ದ ಅಂತ ಹಿಡೀರಿ. 26 ಪುಟಕ್ಕೆ ಹೆಚ್ಚುಕಡಿಮೆ 80 ನಿಮಿಷ ಆಯ್ತು. ಮೂವರಿಗೆ ಒಂದು ಪ್ರತಿ ಅಂದ್ರೆ ಒಬ್ಬರ ಕೈಗೆ ವಾರದಲ್ಲಿ ಎರಡೇ ದಿನ ಸಿಗೋದು, ದಿನಕ್ಕೆ 40 ನಿಮಿಷ ಓದಬೇಕು. ಇದು ಆಗೋ ಮಾತು. ಆದರೆ ಮೂವರೂ ಒಂದೇ ಊರಿನವರು, ಒಂದೇ ಬಸ್ಸಿನವರು ಆಗಿರಬೇಕು. ಒಬ್ಬ ಹೆಗಡೆ ಊರಿನವ, ಇನ್ನೊಬ್ಬಳು ದೀವಗಿಯವಳು ಅಂತ ಜೋಡಿಸಿದ್ರೆ ಪುಸ್ತಕ ಒಬ್ಬರ ಮನೆಯಲ್ಲೇ ಕೂತುಬಿಡ್ತದೆ, ಉಳಿದಿಬ್ಬರು ಶನಿವಾರ ಸುಮ್ಮನೆ ಕೂತಿರ್ತಾರೆ. ಗುಂಪು ಒಡೆಯೋದಕ್ಕೆ ಬಹಳ ಸಲ ಕಾರಣ ಇದೇ, ಪುಸ್ತಕದ ಕಷ್ಟ ಅಲ್ಲ.

ಶುರು ಮಾಡೋದು ನವೆಂಬರ್ ಮೊದಲ ವಾರ. ಜೂನ್-ಜುಲೈಯಲ್ಲಿ ಬೇಡವೇ ಬೇಡ. ಮಳೆ ರಜೆ ಯಾವಾಗ ಬೀಳ್ತದೆ ಹೇಳ್ಲಿಕ್ಕೆ ಬರೋದಿಲ್ಲ, ನಡುವೆ ಎರಡು ವಾರ ತಪ್ಪಿದ್ರೆ ಐದು ನಿರೂಪಕರ ಕಥೆ ಮತ್ತೆ ಜೋಡಿಸಲಿಕ್ಕೆ ಆಗೋದಿಲ್ಲ. ಡಿಸೆಂಬರ್‌ನಲ್ಲಿ ಗ್ಯಾದರಿಂಗ್ (ಶಾಲೆಯ ವಾರ್ಷಿಕೋತ್ಸವ) ತಾಲೀಮು ಒಂದು ಶನಿವಾರವನ್ನಾದ್ರೂ ನುಂಗ್ತದೆ, ಅದಕ್ಕೆ ಮೊದಲೇ ಜಾಗ ಬಿಡಿ. ಫೆಬ್ರುವರಿ ಮೊದಲ ವಾರದೊಳಗೆ ಮುಗಿದ್ರೆ ಪರೀಕ್ಷೆಗೂ ಅಡ್ಡಿಲ್ಲ.

ಇನ್ನು ಪೀಠಿಕೆ. ಬಿಟ್ಟುಬಿಡಿ. ಅದರಲ್ಲಿ ಬರೋ ರಾಜ, ಶಾಪ, ಯುದ್ಧ ಯಾವುದಕ್ಕೂ ಮಕ್ಕಳ ತಲೆಯಲ್ಲಿ ಇನ್ನೂ ಗೂಟ ಇಲ್ಲ, ಏನನ್ನ ಎಲ್ಲಿ ಕಟ್ಟಬೇಕು? ನೇರ ಮೊದಲ ಅಧ್ಯಾಯಕ್ಕೆ ಹೋಗಿ. ಐವರಲ್ಲಿ ಮೂವರಾದ್ರೂ ಬಂದುಹೋದ ಮೇಲೆ ಪೀಠಿಕೆ ಓದಿದ್ರೆ "ಓ, ಇದಾ ಆ ಶಾಪ" ಅಂತ ಅವರೇ ಹೇಳ್ತಾರೆ.

ಹೆಸರಿನ ಗೊಂದಲಕ್ಕೆ ಮದ್ದು ಗೋಡೆ ಮೇಲಿನ ಒಂದು ಡ್ರಾಯಿಂಗ್ ಶೀಟು. ಐದು ಹೆಸರನ್ನ ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆಯಿರಿ. ಉಚ್ಚಾರ ಹೇಗೆ ಅಂತ ಮೊದಲ ದಿನವೇ ತೀರ್ಮಾನ ಮಾಡಿ, ಮತ್ತೆ ಬದಲಿಸಬೇಡಿ. ಒಂದು ಹೆಸರನ್ನ ಮೂವರು ಮೂರು ಥರ ಕರೆದ್ರೆ ಮಕ್ಕಳ ಮಟ್ಟಿಗೆ ಅದು ಮೂರು ಪಾತ್ರ. ಹೆಸರಿನ ಕೆಳಗೆ ನಾಲ್ಕು ಸಾಲು ಖಾಲಿ ಬಿಡಿ: ಇವನಿಗೆ ಏನು ಬೇಕು, ಯಾವುದಕ್ಕೆ ಹೆದರ್ತಾನೆ, ಯಾರಿಂದ ಏನು ಮುಚ್ಚಿಡ್ತಾ ಇದಾನೆ, ಏನು ಮಾಡಬಲ್ಲ. ತುಂಬಿಸುವಾಗ ಪಕ್ಕದಲ್ಲಿ ಪುಟ ಸಂಖ್ಯೆ ಕಡ್ಡಾಯ. ಪುಟ ಸಂಖ್ಯೆ ಕೇಳಿದ ಕೂಡಲೇ "ಒಳ್ಳೆಯವನು, ಧೈರ್ಯಶಾಲಿ" ಅನ್ನೋ ಉತ್ತರಗಳು ನಿಂತುಹೋಗ್ತವೆ. ಜಾತಿ, ಬಣ್ಣ, ಊನ ಇವಕ್ಕೆ ಬೇರೆ ಕಾಲಂ ಹಾಕಬೇಡಿ. ಹಾಕಿದ್ರೆ ಪಾತ್ರ ಅಲ್ಲಿಗೇ ಮುಗೀತು ಅಂದುಕೊಳ್ತಾರೆ. ಹಡಗಿನ ಹುಡುಗಿಗೆ ಏನು ಬೇಕು ಅಂತ ಹುಡುಕುವಾಗ ಅವಳ ನಾಡು, ಅವಳ ಬಣ್ಣಕ್ಕೆ ಆ ಬಂದರಿನವರು ಕೊಡೋ ಬೆಲೆ ಎಲ್ಲ ತಾನಾಗಿ ಮೇಲೆ ಬರ್ತದೆ.

ಅಧ್ಯಾಯ ಯಾರದು ಅಂತ ಗೊತ್ತಾಗಲಿಕ್ಕೆ ಪ್ರತಿ ಅಧ್ಯಾಯದ ಮೊದಲ ಪುಟದ ಮೇಲಿನ ಮೂಲೆಗೆ ಬಣ್ಣದ ಪೆನ್ಸಿಲಿನಲ್ಲಿ ಸಣ್ಣ ತ್ರಿಕೋನ, ಐವರಿಗೆ ಐದು ಬಣ್ಣ. ಅಂಟಿಸೋ ಚೀಟಿ ನಮ್ಮ ಕಡೆ ಹವೆಗೆ ಬೇಡ, ಒಂದು ತಿಂಗಳಿಗೆ ಗೋಂದು ಬಿಟ್ಟು ಪುಟಕ್ಕೆ ಪುಟ ಹಿಡಿದುಕೊಳ್ತದೆ.

ಕಾಳಿ ಸೇತುವೆ (ಕಾರವಾರ)

ಶಿರಸಿಯವರ ಲೆಕ್ಕ ಸರಿ ಇದೆ. ಗಟ್ಟಿ ಓದೋ 8-10 ಪುಟ ಯಾವುದು ಅನ್ನೋದರ ಬಗ್ಗೆ ಒಂದು ಮಾತು. ಜಗಳದ ಪುಟ, ಸಾಹಸದ ಪುಟ ಮಕ್ಕಳು ತಾವೇ ಓದ್ತಾರೆ. ಊರು, ಊಟ, ಹಬ್ಬ, ದೇವರ ವರ್ಣನೆ ಬರೋ ಪುಟಗಳಲ್ಲೇ ಅವರು ಹಾರಿಸೋದು, ಯಾಕಂದ್ರೆ ಗೊತ್ತಿಲ್ಲದ ಶಬ್ದ ಅಲ್ಲೇ ದಟ್ಟ. ಅವನ್ನೇ ನೀವು ಓದಿ. ಓದುವಾಗ ಪ್ರತಿ ಶಬ್ದಕ್ಕೂ ನಿಂತು ಅರ್ಥ ಹೇಳಬೇಡಿ. ಪುಟಕ್ಕೆ ಹೆಚ್ಚೆಂದರೆ ನಾಲ್ಕು ಶಬ್ದ, ಅದೂ ಓದೋ ಮೊದಲೇ ಬೋರ್ಡಿನ ಮೇಲೆ. ಲೇಖಕರು ಕಟ್ಟಿದ ಶಬ್ದ ಯಾವುದು, ನಿಜವಾದ ಇಂಗ್ಲಿಷ್ ಯಾವುದು ಅಂತ ಬೇರೆ ಮಾಡಿ ತೋರಿಸಿ. ಇಲ್ಲದಿದ್ರೆ ಮಕ್ಕಳು ಡಿಕ್ಷನರಿಯಲ್ಲಿ ಇಲ್ಲದ ಶಬ್ದವನ್ನ ಅರ್ಧ ತಾಸು ಹುಡುಕಿ ಸೋತು ಪುಸ್ತಕ ಮುಚ್ಚಿಡ್ತಾರೆ.

ನಕಾಶೆಯನ್ನ ಮಾತ್ರ ಮೊದಲ ವಾರವೇ ತೆಗೀರಿ. ಅದು ಕರಾವಳಿ ಮಕ್ಕಳ ಕೈಗೆ ಸಿಕ್ಕಬೇಕಾದದ್ದು. ಟ್ರೇಸಿಂಗ್ ಕಾಗದದ ಮೇಲೆ ಹೊಳೆ, ಬೆಟ್ಟ, ದಂಡೆ ಇಷ್ಟನ್ನೇ ಎಳೆಸಿ. ಬಂದರು ಎಲ್ಲಿರಬೇಕು ಅಂತ ಕೇಳಿ. ಅಳಿವೆ ಬಾಯಲ್ಲಿ ಅಂತ ಥಟ್ಟನೆ ಹೇಳ್ತಾರೆ, ಕಾಳಿಗೆ ಕಾರವಾರ, ಶರಾವತಿಗೆ ಹೊನ್ನಾವರ ಅವರಿಗೆ ಗೊತ್ತಿರೋ ಸಂಗತಿ. ಆಮೇಲೆ ಪ್ರಯಾಣದ ಲೆಕ್ಕ. ನಡೆಯೋ ಮನುಷ್ಯ ದಿನಕ್ಕೆ 25-30 ಕಿಲೋಮೀಟರ್, ಮೂಟೆ ಹೊತ್ತರೆ ಇನ್ನೂ ಕಡಿಮೆ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದು ಸುಮಾರು 60 ಕಿಲೋಮೀಟರ್, ಎರಡು ದಿನಕ್ಕೆ ಕಮ್ಮಿ ಇಲ್ಲ. ಈ ಅಳತೆ ಹಿಡಕೊಂಡು ಕಾದಂಬರಿಯ ಅಕ್ಕ-ತಂಗಿ ಮೂರು ದಿನದಲ್ಲಿ ದಾಟಿದ ಕಣಿವೆ ನಿಜಕ್ಕೂ ದಾಟ್ಲಿಕ್ಕೆ ಆಗ್ತದಾ ಅಂತ ನೋಡ್ಲಿ. ಲೇಖಕರ ತಪ್ಪು ಹಿಡಿಯೋ ಖುಷಿ ಓದಿನ ದೊಡ್ಡ ಖುಷಿಗಳಲ್ಲೊಂದು, ಅದನ್ನ ತಡೀಬೇಡಿ. ಮಾಂತ್ರಿಕ ಶಕ್ತಿಗೂ ಇದೇ ಕ್ರಮ: ಯಾರಿಗೆ ಇದೆ, ಬಳಸಿದ್ರೆ ಏನು ಕಳಕೊಳ್ತಾರೆ, ಏನು ಮಾಡ್ಲಿಕ್ಕೆ ಆಗೋದೇ ಇಲ್ಲ. ಮೂರೇ ಸಾಲು ಬರೆದಿಡಿ. ಕೊನೆಗೆ ಲೇಖಕರು ತಾವೇ ಹಾಕಿದ ಕಟ್ಟಳೆ ಮುರಿದ್ರೋ ಇಲ್ವೋ ಮಕ್ಕಳೇ ಹೇಳ್ತಾರೆ.

ಪಾತ್ರಗಳ ಚಿತ್ರ ಬರೆಸ್ತೀರಿ ಅಂತಾದ್ರೆ ಒಂದು ಎಚ್ಚರ. ಪುಸ್ತಕದಲ್ಲಿ ಕಪ್ಪು ಅಂತ ಸ್ಪಷ್ಟ ಬರೆದಿದ್ರೂ ಚಿತ್ರದಲ್ಲಿ ನಾಯಕಿ ಬೆಳ್ಳಗಾಗಿಬಿಡ್ತಾಳೆ. ಅರ್ಧ ತಪ್ಪು ಪೆನ್ಸಿಲ್ ಡಬ್ಬಿಯದು, ಅದರಲ್ಲಿರೋ ನಸುಗುಲಾಬಿಗೆ ಮಕ್ಕಳು 'ಸ್ಕಿನ್ ಕಲರ್' ಅಂತಲೇ ಕರೀತಾರೆ. ಚಿತ್ರಕ್ಕೆ ಮೊದಲು ಆ ಪಾತ್ರದ ರೂಪ ಹೇಳೋ ವಾಕ್ಯಗಳನ್ನೆಲ್ಲ ಪುಟ ಸಂಖ್ಯೆ ಸಮೇತ ಹೆಕ್ಕಿಸಿ, ಮುಖಪುಟದ ಚಿತ್ರ ಮುಚ್ಚಿಟ್ಟು. ಕಪ್ಪು ಮೈಗೆ ಕಪ್ಪು ಪೆನ್ಸಿಲ್ ತಿಕ್ಕಿದ್ರೆ ಮುಖದ ಉಬ್ಬುತಗ್ಗು ಸತ್ತುಹೋಗ್ತದೆ. ಕಂದು ಬಣ್ಣವನ್ನ ತೆಳುವಾಗಿ ಪೂರ್ತಿ ಹಚ್ಚಿ, ಮೇಲೆ ಕಿತ್ತಳೆ ಅಥವಾ ಕೆಂಪಿನ ಒಂದು ಪದರ, ಮತ್ತೆ ಕಂದು. ನೆರಳಿಗೆ ಕಡುನೀಲಿ ಅಥವಾ ನೇರಳೆ. ಹಣೆ, ಮೂಗಿನ ತುದಿ, ಕೆನ್ನೆಯ ಎತ್ತರದಲ್ಲಿ ಬೆಳಕಿಗೆ ಮೊದಲ ತೆಳು ಪದರವನ್ನೇ ಹಾಗೇ ಬಿಡೋದು.

ಅಘನಾಶಿನಿ ದಡ (ಕುಮಟಾ)

ಇಬ್ಬರಿಗೂ ವಂದನೆ. ಪೀಠಿಕೆ ಬಿಡೋದು ಹೊಳೆದೇ ಇರ್ಲಿಲ್ಲ. ಇನ್ನೆರಡು ವಿಷಯ ಉಳೀತು. ಕಿವಿ ಕೇಳದ ಹುಡುಗನ ಅಧ್ಯಾಯ ಬಂದಾಗ ಕೆಲವರು ಕೈಸನ್ನೆ ಅಣಕಿಸಿ ನಗ್ತಾರೆ, ಬೈದ್ರೆ ಸುಮ್ಮನಾಗ್ತಾರೆ ಅಷ್ಟೇ. ಎರಡನೇದು, ಅಂಕೋಲೆ ಕಡೆಯಿಂದ ಬಂದ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹುಡುಗಿ ಒಬ್ಬಳು ಗುಂಪಿನಲ್ಲಿದ್ದಾಳೆ. ಹಡಗಿನ ಹುಡುಗಿಯ ಅಧ್ಯಾಯ ಓದುವಾಗ ಉಳಿದವರ ಕಣ್ಣೆಲ್ಲ ಅವಳ ಕಡೆ ತಿರುಗ್ತದೆ. ಏನು ಮಾಡೋದು?

ಕೂಗು ದೂರ (ಯಲ್ಲಾಪುರ)

ಎರಡನೇದು ಮೊದಲು. "ನಿನಗೆ ಏನನ್ನಿಸ್ತದೆ?" ಅಂತ ಅವಳೊಬ್ಬಳನ್ನೇ ಯಾವತ್ತೂ ಕೇಳಬೇಡಿ. ಪ್ರೀತಿಯಿಂದ ಕೇಳಿದ್ರೂ ಅವಳು ಓದುಗಳಾಗಿ ಬಂದವಳು ಸಾಕ್ಷಿಯಾಗಿ ಕೂರಬೇಕಾಗ್ತದೆ. ಆ ಅಧ್ಯಾಯ ಗಟ್ಟಿ ಓದ್ಲಿಕ್ಕೂ ಅವಳನ್ನೇ ಆರಿಸಬೇಡಿ, ಓದೋ ಸರದಿ ಹಾಜರಿ ಪಟ್ಟಿಯ ಪ್ರಕಾರ ಇರ್ಲಿ. ಗೋಡೆ ಪಟ್ಟಿ ತುಂಬಿಸ್ಲಿಕ್ಕೆ ಪಾತ್ರ ಹಂಚುವಾಗ ಅವಳಿಗೆ ರಾಜಕುಮಾರನೋ ಕಮ್ಮಾರನ ಮಗನೋ ಸಿಗೋ ಹಾಗೆ ನೋಡ್ಕೊಳ್ಳಿ. ಅವಳಾಗಿ ಏನಾದ್ರೂ ಹೇಳಿದ್ರೆ ಉಳಿದವರ ಮಾತಿನಷ್ಟೇ ಹೊತ್ತು ಕೇಳಿ ಮುಂದೆ ಹೋಗಿ.

ಇನ್ನೊಂದು ತಪ್ಪು ದೊಡ್ಡವರಿಂದಲೇ ಆಗೋದು. ಆಫ್ರಿಕಾದ ದೇವರುಗಳ ಮೇಲೆ ಕಟ್ಟಿದ ಇಂಗ್ಲಿಷ್ ಫ್ಯಾಂಟಸಿಗಳಲ್ಲಿ ಹಲವು ಪಶ್ಚಿಮ ಆಫ್ರಿಕಾದವು, ನೈಜೀರಿಯಾದ ಯೊರುಬಾ ಜನರ ನಂಬಿಕೆಯ ಮೇಲೆ ನಿಂತವು. ನಮ್ಮ ಜಿಲ್ಲೆಯ ಸಿದ್ದಿಗಳ ಹಿರಿಯರು ಬಂದದ್ದು ಹೆಚ್ಚಾಗಿ ಪೂರ್ವ ಆಫ್ರಿಕಾದ ಕಡೆಯಿಂದ, ಪೋರ್ಚುಗೀಸರ ಮತ್ತು ಅರಬರ ಹಡಗುಗಳಲ್ಲಿ, ಬಹುಪಾಲು ಗುಲಾಮರಾಗಿ. ಲಾಗೋಸ್‌ನಿಂದ ಮೊಜಾಂಬಿಕ್‌ಗೆ ನೇರ ಗೆರೆ ಎಳೆದ್ರೂ 4,000 ಕಿಲೋಮೀಟರ್ ದಾಟ್ತದೆ. "ನೋಡು, ಇದು ನಿಮ್ಮ ದೇವರ ಕಥೆ" ಅಂದುಬಿಟ್ರೆ ಪುಸ್ತಕದ ಮೂಲ, ಅವಳ ಹಿರಿಯರ ಮೂಲ ಎರಡೂ ಸುಳ್ಳಾಗ್ತದೆ. ಇಲ್ಲಿಯ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ, ಮನೆ ಮಾತು ಕೊಂಕಣಿಗೆ ಹತ್ತಿರದ್ದು, 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಇದನ್ನ ಹೇಳೋದಾದ್ರೆ ಭೂಗೋಳದ ಮಾತಾಗಿ, ಗ್ಲೋಬ್ ಎದುರಿಗೆ ಇಟ್ಟು, ನವಾಯತರ ಹಿರಿಯರು ಬಂದ ಸಮುದ್ರದ ದಾರಿ, ಪೋರ್ಚುಗೀಸರು ಗೋವೆಗೆ ಬಂದ ದಾರಿ ಇವುಗಳ ಜೊತೆಗೇ ಹೇಳಿ. ಆಗ ಸಮುದ್ರದ ಕಥೆ ತರಗತಿಯ ಅರ್ಧ ಮಕ್ಕಳದ್ದಾಗ್ತದೆ.

ಅಣಕಿಸೋದಕ್ಕೆ ಬೈಗುಳ ನಾಟೋದಿಲ್ಲ, ಕೆಲಸ ಕೊಡಿ. ಆ ಹುಡುಗನ ಒಂದು ಅಧ್ಯಾಯ ಹಂಚಿ, ಸದ್ದನ್ನ ಹೇಳೋ ಶಬ್ದಗಳಿಗೆಲ್ಲ ಗೆರೆ ಎಳೀಲಿಕ್ಕೆ ಹೇಳಿ. ಲೇಖಕರು ಕೆಲಸ ಬಲ್ಲವರಾದ್ರೆ ಒಂದೂ ಸಿಗೋದಿಲ್ಲ. ಬಾಗಿಲು ಬಡಿದದ್ದು ಅವನಿಗೆ ಗೊತ್ತಾಗೋದು ದೀಪದ ಕುಡಿ ಅಲುಗಿದ್ರಿಂದ, ಕುದುರೆ ಬಂದದ್ದು ಅಂಗಾಲಿಗೆ ಹಲಗೆ ನಡುಗಿದ್ರಿಂದ. ಅದೇ ದೃಶ್ಯವನ್ನ ಹಡಗಿನ ಹುಡುಗಿ ಹೇಳಿದ ಪುಟ ಪಕ್ಕಕ್ಕೆ ಇಟ್ಟುಕೊಂಡು ನೋಡ್ಲಿ, ಅಲ್ಲಿ ಬರೀ ಸದ್ದೇ. ಒಂದೇ ರಾತ್ರಿ ಎರಡು ಥರ ಕಾಣ್ತದೆ. ಪುಸ್ತಕಕ್ಕೆ ಐವರು ಯಾಕೆ ಬೇಕಿತ್ತು ಅಂತ ಅಲ್ಲಿಗೆ ಗೊತ್ತಾಗ್ತದೆ.

ಆಮೇಲೆ ತುಟಿ ಓದೋದು. ಕಾದಂಬರಿಯಲ್ಲಿ ಅವನು ಕೋಣೆಯ ಆ ಕಡೆಯಿಂದ ತುಟಿ ನೋಡಿಯೇ ಎಲ್ಲ ತಿಳಕೊಳ್ತಾನೆ ಅಂತಿದ್ರೆ ಅದು ಲೇಖಕರ ಅಜ್ಞಾನ. ಮಕ್ಕಳನ್ನ ಜೋಡಿ ಕೂರಿಸಿ, ಸದ್ದು ಹೊರಡಿಸದೆ ಬರೀ ತುಟಿಯಲ್ಲಿ ಪಾವು, ಬಾವು, ಮಾವು ಅಂತ ಹೇಳಿಸಿ. ಎದುರಿನವನಿಗೆ ಮೂರೂ ಒಂದೇ. ತುಟಿ ಮುಚ್ಚಿ ತೆರೆಯೋ ರೀತಿ ಮೂರಕ್ಕೂ ಒಂದೇ ಆದ್ದರಿಂದ ಮಾತಿನ ಸಂದರ್ಭ ಗೊತ್ತಿಲ್ಲದೆ ಬೇರೆ ಮಾಡ್ಲಿಕ್ಕೆ ಬರೋದಿಲ್ಲ. ಬೆಳಕು ಮಾತಾಡುವವನ ಬೆನ್ನ ಹಿಂದೆ ಇದ್ರೆ ಅದೂ ಇಲ್ಲ. ಇಷ್ಟು ಮಾಡಿದ ಮೇಲೆ ಯಾರೂ ಸನ್ನೆ ಅಣಕಿಸೋದಿಲ್ಲ, ಅವನು ಮುಂದಿನ ಅಧ್ಯಾಯದಲ್ಲಿ ಹೇಗೆ ಪಾರಾಗ್ತಾನೆ ಅಂತ ಕೇಳ್ತಾರೆ.

ಮದ್ದಲೆ ಪೆಟ್ಟು (ಹೊನ್ನಾವರ)

ಚರ್ಚೆ ನೀತಿಪಾಠ ಆಗೋದಕ್ಕೆ ನಮ್ಮ ಕಡೆ ಔಷಧ ಮೊದಲೇ ಇದೆ: ತಾಳಮದ್ದಲೆ. ವೇಷ ಇಲ್ಲ, ಕುಣಿತ ಇಲ್ಲ, ಕಥೆ ಹಾಡೋ ಭಾಗವತ ಮತ್ತು ಪಾತ್ರವಾಗಿ ಕೂತು ಆಡೋ ಮಾತು (ಅದಕ್ಕೇ ಅರ್ಥ ಅನ್ನೋದು) ಮಾತ್ರ. ರಾಮನ ಅರ್ಥ ಹೇಳಿದವರೇ ನಾಳೆ ವಾಲಿಯಾಗಿ ಕೂತು "ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ" ಅಂತ ರಾಮನನ್ನೇ ಕೇಳ್ತಾರೆ. ಪಾತ್ರದ ಒಳಗಿನಿಂದ ಮಾತಾಡೋ ಈ ಅಭ್ಯಾಸ ಕುಮಟಾ-ಹೊನ್ನಾವರದ ಮಕ್ಕಳ ಕಿವಿಯಲ್ಲಿ ಹುಟ್ಟಿನಿಂದಲೇ ಇದೆ, ಇಂಗ್ಲಿಷ್ ಕಾದಂಬರಿಗೂ ಅದನ್ನೇ ಹಚ್ಚಿ.

ಕ್ರಮ ಹೀಗೆ. 36 ಪುಟದೊಳಗೆ ಇಬ್ಬರ ನಡುವೆ ಮಾತು ಕೆಟ್ಟ ಒಂದು ಜಾಗ ಆರಿಸಿ. ಇಬ್ಬರು ಅರ್ಥಧಾರಿಗಳು, ಒಬ್ಬ ಭಾಗವತ. ಭಾಗವತನಾದವ ಆ ದೃಶ್ಯದ ಕಥೆಯನ್ನ ನಾಲ್ಕೇ ವಾಕ್ಯದಲ್ಲಿ ಹೇಳಿ, "ನೀನು ಯಾರು, ಇಲ್ಲಿಗೆ ಯಾಕೆ ಬಂದೆ?" ಅಂತ ಕೇಳ್ತಾನೆ. ಒಬ್ಬೊಬ್ಬರಿಗೆ ಮೂರು ನಿಮಿಷ ಪಾತ್ರವಾಗಿ ತನ್ನ ಪರಿಚಯ ಹೇಳೋ ಮಾತು, ಆಮೇಲೆ ನಾಲ್ಕು ನಿಮಿಷ ಸಂವಾದ. ಆಮೇಲೆ ಜಾಗ ಬದಲು, ಅಕ್ಕನಾಗಿದ್ದವಳು ರಾಜಕುಮಾರ, ರಾಜಕುಮಾರನಾಗಿದ್ದವ ಅಕ್ಕ. ಸಂವಾದ ಮಾತ್ರ ಇನ್ನೊಂದು ಸಲ. ಎಲ್ಲ ಸೇರಿ 15-18 ನಿಮಿಷಕ್ಕೆ ಮುಗೀತದೆ. ಮಾತು ಕೊಂಕಣಿಯೋ ನವಾಯತಿಯೋ ಹವ್ಯಕವೋ, ಅವರಿಗೆ ಬಂದದ್ದು. ಹಡಗಿನ ಹುಡುಗಿ ಖಾರ್ವಿ (ಮೀನುಗಾರರ) ಕೊಂಕಣಿಯಲ್ಲಿ ಗದರಿದ್ರೆ ಪುಸ್ತಕಕ್ಕೆ ಏನೂ ಕಮ್ಮಿ ಆಗೋದಿಲ್ಲ.

ಕಟ್ಟಳೆ ಎರಡೇ, ಆದರೆ ಬಿಗಿ. ಆ ಪುಟದವರೆಗೆ ಪಾತ್ರಕ್ಕೆ ಗೊತ್ತಿರೋದನ್ನ ಮಾತ್ರ ಹೇಳಬೇಕು. ತಂಗಿ ಬದುಕಿದ್ದಾಳೆ ಅಂತ ಓದುಗರಿಗೆ ಗೊತ್ತು, ಅಕ್ಕನಿಗೆ ಗೊತ್ತಿಲ್ಲ. ಅಕ್ಕನ ಅರ್ಥ ಹೇಳೋಳು ಅದನ್ನ ಬಾಯಿಬಿಟ್ರೆ ಕೂತವರು ತಾಳ ತಟ್ಟಿ ನಿಲ್ಲಿಸ್ತಾರೆ. ಐದು ನಿರೂಪಕರ ಕಥೆಯಲ್ಲಿ ಯಾರಿಗೆ ಏನು ಗೊತ್ತು ಅನ್ನೋದೇ ಜೀವಾಳ, ಅದು ಹೀಗೆ ಆಡಿದ್ರೆ ಮಾತ್ರ ಪಕ್ಕಾ ಆಗೋದು. ಎರಡನೇದು, ನಡಿಗೆ, ತೊದಲು, ದನಿ, ಸನ್ನೆ ಯಾವುದನ್ನೂ ಅನುಕರಿಸಬಾರದು. ವೇಷ ಇಲ್ಲದ ಆಟ ಇದು, ಕಮ್ಮಾರನ ಮಗನ ತರ್ಕ ಬೇಕು, ಅವನ ಕಿವಿ ಅಲ್ಲ.

ಕೆಡೋದು ಎಲ್ಲಿ ಅಂದ್ರೆ, ಮಾತು ಬಲ್ಲ ಇಬ್ಬರು ಹುಡುಗರು ಗೆಲ್ಲಲಿಕ್ಕೆ ಹೊರಟು ವಾದಕ್ಕೆ ವಾದ ಬೆಳೆಸ್ತಾರೆ, ಪುಸ್ತಕ ಎಲ್ಲೋ ಉಳೀತದೆ. ಅದಕ್ಕೆ ಎದುರಾಳಿಯ ಒಂದು ಮಾತನ್ನಾದ್ರೂ ಒಪ್ಪಿಕೊಂಡೇ ಮುಗಿಸಬೇಕು ಅಂತ ಮೊದಲೇ ಹೇಳಿ. ನಾಚಿಕೆಯ ಮಕ್ಕಳನ್ನ ಮೊದಲೆರಡು ವಾರ ಭಾಗವತ ಮಾಡಿ, ಪ್ರಶ್ನೆ ಕೇಳೋದು ಸುಲಭ.

ಬನವಾಸಿ ರಸ್ತೆ (ಶಿರಸಿ)

ಹೊನ್ನಾವರದವರ ಕ್ರಮಕ್ಕೆ ಒಂದು ಸೇರಿಸ್ತೇನೆ: ಆ ದಿನ ಗಟ್ಟಿ ಓದೋದು 5 ಪುಟಕ್ಕೆ ಇಳಿಸಿ, ಇಲ್ಲದಿದ್ರೆ 45 ನಿಮಿಷ ಸಾಲೋದಿಲ್ಲ. ತಾಳಮದ್ದಲೆ ಎರಡು ವಾರಕ್ಕೊಮ್ಮೆ ಸಾಕು.

ಪಾಲಕರಿಗೆ ಮೊದಲೇ ಹೇಳಿಡೋದು ಒಳ್ಳೇದು. "ಇದೇನು ಮಾಟದ ಪುಸ್ತಕ" ಅಂತ ಯಾರಾದ್ರೂ ಕೇಳೋ ಮೊದಲೇ ಒಂದು ಪುಟದಲ್ಲಿ ಕಥೆ ಕನ್ನಡದಲ್ಲಿ ಬರೆದು ಕಳಿಸಿ. ಅದಕ್ಕೂ ಮೊದಲು ನೀವು ಪೂರ್ತಿ ಓದಿ ಮುಗಿಸಿರಬೇಕು. ಈ ಪುಸ್ತಕಗಳಲ್ಲಿ ಕೆಲವು 12 ವರ್ಷದವರಿಗೆ, ಕೆಲವು 14ರ ಮೇಲಿನವರಿಗೆ. ಪ್ರೇಮ, ರಕ್ತಪಾತ ಎಷ್ಟಿದೆ ಅನ್ನೋದು ಮುಖಪುಟ ನೋಡಿದ್ರೆ ಗೊತ್ತಾಗೋದಿಲ್ಲ, ಸಾಧಾರಣ ಕೊನೆಯ ನೂರು ಪುಟದಲ್ಲಿರ್ತದೆ. ಪ್ರತಿ ಸಾಲದಿದ್ರೆ ಇಡೀ ಪುಸ್ತಕ ಜೆರಾಕ್ಸ್ ಮಾಡಿಸಬೇಡಿ, ಅದು ಕೃತಿಸ್ವಾಮ್ಯ ಕಾನೂನಿಗೆ ವಿರುದ್ಧ ಆಗಬಹುದು. ನಿಮ್ಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಮಕ್ಕಳಿಗೆ ಸದಸ್ಯತ್ವ ಉಚಿತ, ಖರೀದಿ ಪಟ್ಟಿಗೆ ಈ ಹೆಸರು ಸೇರಿಸಿ ಅಂತ ಬರವಣಿಗೆಯಲ್ಲಿ ಕೇಳಿ.

ಇನ್ನೊಂದು ಇಷ್ಟೇ ಅಗತ್ಯದ್ದು. ಐವರು ನಿರೂಪಕರಿರೋ ಫ್ಯಾಂಟಸಿ ಒಂದೇ ಪುಸ್ತಕಕ್ಕೆ ಮುಗಿಯೋದು ಅಪರೂಪ, ಎರಡು ಅಥವಾ ಮೂರು ಭಾಗ ಇರ್ತದೆ. ಮೊದಲನೇದು ಯಾರೋ ಒಬ್ಬರನ್ನ ಹಗ್ಗದ ಮೇಲೆ ನೇತಾಡಿಸಿ ನಿಲ್ತದೆ. ಎರಡನೇ ಭಾಗ ಬಂದಿದೆಯಾ, ಸಿಗ್ತದಾ ಅಂತ ಈಗಲೇ ನೋಡಿ, ಒಂದಾದ್ರೂ ಪ್ರತಿ ಕೈಗೆ ಬಂದ ಮೇಲೆಯೇ ನವೆಂಬರ್‌ನಲ್ಲಿ ಮೊದಲನೇದನ್ನ ತೆರೀರಿ. ಬೇಸಿಗೆ ರಜೆಯಲ್ಲಿ ಆ ಒಂದು ಪ್ರತಿ 15 ಮನೆ ಸುತ್ತಬೇಕಾದ್ರೆ ಮನೆಗೆ ಮೂರು ದಿನದ ಮೇಲೆ ಬರೋದಿಲ್ಲ, ಅದಕ್ಕೆ ಸರದಿ ಪಟ್ಟಿಯನ್ನ ರಜೆ ಶುರುವಾಗೋ ಮೊದಲೇ ಮಕ್ಕಳ ಕೈಯಲ್ಲೇ ಬರೆಸಿಡಿ.